ಡಂಬಳದ ಕೋಟೆಗೆ ಏಣಿ

1800ರ ಜುಲೈ 26ರಂದು ಡಂಬಳದ ಕೋಟೆಯ ಮೇಲೆ ಮೂರು ಕಡೆಯಿಂದ ದಾಳಿ ನಡೆಯಿತು. ಒಂದು ತಂಡ ಹೆಬ್ಬಾಗಿಲ ಮೇಲೆ ಬಿದ್ದಿತು, ಉಳಿದೆರಡು ತಂಡಗಳು ಗೋಡೆಗೆ ಏಣಿ ಹಾಕಿದವು. ಒಳಗಿದ್ದವರು ಧೋಂಡಿಯಾ ವಾಘನ ಕಡೆಯ ಸುಮಾರು ಸಾವಿರ ಜನ. ಕೋಟೆ ಒಪ್ಪಿಸಿ ಎಂದು ಬಂದ ಮಾತಿಗೆ ಅವರು ಆಗುವುದಿಲ್ಲ ಎಂದಿದ್ದರು. ಹೊರಗಿದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ದಂಡು. ಅದನ್ನು ನಡೆಸುತ್ತಿದ್ದವನು ಮೂವತ್ತೊಂದು ವರ್ಷದ ಒಬ್ಬ ಕರ್ನಲ್, ಹೆಸರು ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷಗಳ ನಂತರ ವಾಟರ್ಲೂ ಮೈದಾನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿ ಲೋಕಪ್ರಸಿದ್ಧನಾದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ.

ಆದರೆ ಡಂಬಳಕ್ಕೆ ಬಂದ ದಿನ ಅವನಿನ್ನೂ ಡ್ಯೂಕ್ ಆಗಿರಲಿಲ್ಲ. ಸ್ವಂತವಾಗಿ ಒಂದು ದೊಡ್ಡ ಕಾಳಗವನ್ನು ಗೆದ್ದವನೂ ಅಲ್ಲ. ಅದಕ್ಕೆ ಕೆಲವೇ ವರ್ಷ ಮೊದಲು ಅವನು ಐರ್ಲೆಂಡಿನ ರಾಜಕಾರಣಿಯಾಗಿದ್ದ. ಡಬ್ಲಿನ್‌ನಲ್ಲಿದ್ದ ಐರಿಷ್ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಟ್ರಿಮ್ ಎಂಬ ಸಣ್ಣ ಊರಿನ ಪ್ರತಿನಿಧಿಯಾಗಿ ಕೂತಿದ್ದವನು. ಲಕ್ಷ್ಮೇಶ್ವರ, ಶಿರಹಟ್ಟಿ, ಡಂಬಳ, ಗದಗ ಹೀಗೆ ಇಲ್ಲಿಯ ಊರುಗಳು ಒಂದರ ಹಿಂದೊಂದರಂತೆ ಈ ದಂಡಯಾತ್ರೆಯಲ್ಲಿ ಅವನು ಬರೆದ ಪತ್ರಗಳಲ್ಲಿ ಬರುತ್ತವೆ. ಆ ಪತ್ರಗಳನ್ನು ವೆಲಿಂಗ್ಟನ್ನನ ಚರಿತ್ರೆಯ ಮೊದಲ ಅಧ್ಯಾಯವೆಂದು ಓದುವವರು ಬಹಳ. ಅವು ಗದಗ ಸೀಮೆಯ ಒಂದು ಮಳೆಗಾಲದ ಚರಿತ್ರೆಯೂ ಹೌದು. ಹಾಗೆ ಓದುವ ಹಕ್ಕು ಇಲ್ಲಿಯವರಿಗಿದೆ.

ಈ ದಂಡಯಾತ್ರೆಯ ಹಿಂದೆ ಮೂವರು ಐರಿಷರಿದ್ದರು. ಕಲ್ಕತ್ತದಲ್ಲಿ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಆರ್ಥರನ ಅಣ್ಣ. ಶ್ರೀರಂಗಪಟ್ಟಣದಲ್ಲಿ, ಮೈಸೂರು ದರ್ಬಾರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅರ್ಮಾ ಕೌಂಟಿಯವನು. 1756ರಲ್ಲಿ ಹುಟ್ಟಿ, ಹದಿನೈದರ ವಯಸ್ಸಿಗೇ ಮದ್ರಾಸಿನ ಸೈನ್ಯ ಸೇರಿ, ಫಾರ್ಸಿ ಕಲಿತು, ದೇಶೀ ಸಂಸ್ಥಾನಗಳೊಡನೆ ಮಾತುಕತೆ ನಡೆಸುವುದರಲ್ಲಿ ಪಳಗಿದವನು. ಮುಂದೆ ಅವನಿಗೆ ಬ್ಯಾರನೆಟ್ ಪದವಿ ಸಿಕ್ಕಿತು. ಬ್ಯಾರನೆಟ್ ಎಂದರೆ ಹೆಸರಿನ ಮುಂದೆ 'ಸರ್' ಹಚ್ಚಿಕೊಳ್ಳುವ, ತಂದೆಯಿಂದ ಮಗನಿಗೆ ಇಳಿದು ಬರುವ ಮರ್ಯಾದೆ. ಲಾರ್ಡುಗಳ ಮನೆಯಲ್ಲಿ ಕುರ್ಚಿ ಮಾತ್ರ ಅದರಿಂದ ಸಿಗುವುದಿಲ್ಲ. ನಮ್ಮ ಸೀಮೆಯ ದೇಸಗತಿಯಂತೆ ಅದೂ ವಂಶಕ್ಕೆ ಅಂಟಿದ್ದು, ಆದರೆ ದೇಸಗತಿಯ ಜೊತೆಗಿದ್ದ ಭೂಮಿ, ವಸೂಲಿಯ ಹಕ್ಕು ಅದಕ್ಕಿರಲಿಲ್ಲ. ಮೂರನೆಯವನು ಆರ್ಥರ್. ರಣರಂಗದಿಂದ ಅವನು ಬರೆದ ಕಾಗದಗಳಲ್ಲಿ ಎಷ್ಟೋ ಕ್ಲೋಸ್‌ನ ಹೆಸರಿಗೇ ಹೋದವು.

ಆರ್ಥರ್ ಹುಟ್ಟಿದ್ದು 1769ರಲ್ಲಿ, ಡಬ್ಲಿನ್‌ನಲ್ಲಿ. ತಂದೆ ಗ್ಯಾರೆಟ್, ಮಾರ್ನಿಂಗ್ಟನ್ನಿನ ಅರ್ಲ್, ಒಳ್ಳೆಯ ಸಂಗೀತಗಾರ, ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು. ಮಗನೂ ಪಿಟೀಲು ಕಲಿತ. ಸಾಲಗಾರನಾದ ಕಿರಿಯ ಮಗನಿಗೆ ಹೆಣ್ಣು ಕೊಡುವುದಿಲ್ಲವೆಂದು ಕಿಟ್ಟಿ ಪ್ಯಾಕೆನ್‌ಹ್ಯಾಮಳ ಮನೆಯವರು ಹೇಳಿದ ಮೇಲೆ, 1793ರಲ್ಲಿ, ತನ್ನ ಪಿಟೀಲುಗಳನ್ನು ತಾನೇ ಸುಟ್ಟು ಹಾಕಿದ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಾದ ಗದಗಿನವರಿಗೆ ಈ ಮಾತು ಕರುಳಿಗೆ ತಾಗದೆ ಇರದು. ಗದಗಿಗೆ ಬಂದ ದಂಡಿನ ಮುಖ್ಯಸ್ಥ ನಾದವನ್ನು ಕೈಯಾರೆ ಬಿಟ್ಟು ಬಂದವನಾಗಿದ್ದ.

ಟ್ರಿಮ್ ಅವನ ಮನೆತನದ ಕ್ಷೇತ್ರ. ಮತದಾರರು ಬೆರಳೆಣಿಕೆಯಷ್ಟು. ಯಾರನ್ನು ಕಳಿಸಬೇಕೆಂಬುದು ದೊಡ್ಡಮನೆಯಲ್ಲಿ ನಿರ್ಧಾರವಾಗುತ್ತಿತ್ತು. 1790ರಲ್ಲಿ, ಇಪ್ಪತ್ತೊಂದು ತುಂಬುವ ಹೊತ್ತಿಗೆ, ಅವನನ್ನು ಅಲ್ಲಿಂದ ಆರಿಸಿ ಕಳಿಸಲಾಯಿತು. ಮುನ್ನೂರು ಸದಸ್ಯರ ಆ ಸಭೆಯಲ್ಲಿ ಒಬ್ಬನೇ ಒಬ್ಬ ಕ್ಯಾಥೊಲಿಕ್ ಇರುವಂತಿರಲಿಲ್ಲ. ದೇಶದ ಜನರಲ್ಲಿ ಬಹುಪಾಲು ಕ್ಯಾಥೊಲಿಕರಾಗಿದ್ದರೂ 1793ರವರೆಗೆ ಅವರಿಗೆ ಮತ ಹಾಕುವ ಹಕ್ಕು ಕೂಡ ಇರಲಿಲ್ಲ. ಆ ವರ್ಷ ಮತದ ಹಕ್ಕು ಕೊಡುವ ಕಾಯ್ದೆ ಬಂದಾಗ ವೆಲ್ಲೆಸ್ಲಿ ಸರ್ಕಾರದ ಪರ ನಿಂತ. ಸಭೆಯೊಳಗೆ ಕೂರುವ ಹಕ್ಕಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಡಬ್ಲಿನ್ ಕೋಟೆಯಲ್ಲಿ ವೈಸರಾಯನ ಹತ್ತಿರ ಸಣ್ಣ ಹುದ್ದೆ, ಸಭೆಯಲ್ಲಿ ಹೇಳಿದ ಕಡೆ ಮತ, ಊರಿನ ತುಂಬ ಸಾಲ. 1796ರಲ್ಲಿ ಅವನು ಹಡಗು ಹತ್ತಿದ, 1797ರ ಫೆಬ್ರುವರಿಯಲ್ಲಿ ಕಲ್ಕತ್ತಕ್ಕೆ ಇಳಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಊರಿನ ಆಡಳಿತ ಅವನ ಕೈಗೆ ಬಂತು.

ಅದೇ ದಿನ ಶ್ರೀರಂಗಪಟ್ಟಣದ ಸೆರೆಮನೆಯಿಂದ ಇನ್ನೊಬ್ಬ ಹೊರಗೆ ಬಂದ.

ಧೋಂಡಿಯಾ ವಾಘ್ ಚನ್ನಗಿರಿಯವನು. ಹೈದರಾಲಿಯ ಕುದುರೆ ಸೈನ್ಯದಲ್ಲಿ ಬೆಳೆದವನು. 1792ರಲ್ಲಿ, ಟಿಪ್ಪುವಿನ ಮೇಲೆ ಕಾರ್ನ್‌ವಾಲಿಸ್ ನಡೆಸಿದ ಯುದ್ಧದ ಗೊಂದಲದಲ್ಲಿ, ಕೆಲವೇ ಸವಾರರೊಡನೆ ಮೈಸೂರು ಬಿಟ್ಟು ಬಂದು ಅವನು ಆಸರೆ ಪಡೆದದ್ದು ಲಕ್ಷ್ಮೇಶ್ವರದಲ್ಲಿ. ಸ್ವಂತ ಬಲದ ಮೇಲೆ ನಿಲ್ಲುವ ಅವನ ಬದುಕು ಶುರುವಾದದ್ದೇ ಇಲ್ಲಿಂದ. ಪುಲಿಗೆರೆಯ ಸೋಮನಾಥನ ಗುಡಿ, ಶಂಖಬಸದಿ, 1617ರ ಜುಮ್ಮಾ ಮಸೀದಿ ಮೂರೂ ಇರುವ ಊರು ಅದು. ಚಾಲುಕ್ಯರು, ರಾಷ್ಟ್ರಕೂಟರು, ವಿಜಾಪುರದ ಸುಲ್ತಾನರು, ಸವಣೂರಿನ ನವಾಬರು, ಪುಣೆಯ ಪೇಶ್ವೆಗಳು ಎಲ್ಲರೂ ಆಳಿ ಹೋದ ಸೀಮೆಯಲ್ಲಿ ಯಾರ ಹಿಡಿತವೂ ಬಿಗಿಯಾಗಿರದ ಆ ಹೊತ್ತು ಧೋಂಡಿಯಾನಂಥವನಿಗೆ ಬಹಳ ಅನುಕೂಲವಾಗಿತ್ತು. ಹಾವೇರಿ, ಸವಣೂರುಗಳವರೆಗೆ ಕೈ ಚಾಚಿದ. ಮರಾಠರ ಧೋಂಡೋಪಂತ ಗೋಖಲೆ ಸೋಲಿಸಿ ಅಟ್ಟಿದಾಗ, 1794ರಲ್ಲಿ ಟಿಪ್ಪುವಿನ ಹತ್ತಿರವೇ ಮರಳಿ ಹೋದ. ಟಿಪ್ಪು ಅವನನ್ನು ಮತಾಂತರಿಸಿ ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟು, ಕೊನೆಗೆ ಬೇಡಿ ಹಾಕಿಸಿದ. ಸೆರೆಯಿಂದ ಬಿಡುಗಡೆಯಾದದ್ದು ಟಿಪ್ಪು ಸತ್ತ ದಿನ.

ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಅವನ ಸುತ್ತ ನೆರೆದರು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಕಡೆ ಕಂಪನಿಯ ದಂಡು ಅವನನ್ನು ಸೋಲಿಸಿತು. ಗಡಿ ದಾಟಿ ಮರಾಠರ ಸೀಮೆಗೆ ಬಂದ ಕೂಡಲೇ ಗೋಖಲೆ ಅವನ ಪಾಳೆಯ ಸುಲಿದ. ಧೋಂಡಿಯಾ ಕೊಲ್ಲಾಪುರಕ್ಕೆ ಹೋಗಿ, ಅಲ್ಲಿ ಕೆಲಕಾಲ ಚಾಕರಿ ಮಾಡಿ, ಮತ್ತೆ ಇದೇ ಸೀಮೆಗೆ ಬಂದ. ಈ ಸಲ ಬರುವಾಗ ಅವನಿಗೆ 'ಉಭಯ ಲೋಕಾಧೀಶ್ವರ' ಎಂಬ ಬಿರುದಿತ್ತು. 1800ರ ಬೇಸಿಗೆ ಕಳೆಯುವ ಹೊತ್ತಿಗೆ ಧಾರವಾಡ–ಸವಣೂರು ಸೀಮೆಯ ಎಷ್ಟೋ ಕೋಟೆಗಳಲ್ಲಿ ಅವನ ಜನ ಕೂತಿದ್ದರು. ಡಂಬಳ, ಗದಗ ಅವುಗಳಲ್ಲಿ ಸೇರಿದ್ದವು. ಇವತ್ತು ಅವನನ್ನು ಬ್ರಿಟಿಷರ ವಿರುದ್ಧ ಮೊದಲು ಎದ್ದವರ ಸಾಲಿನಲ್ಲಿ ನಿಲ್ಲಿಸುವ ಕನ್ನಡ ಲೇಖಕರಿದ್ದಾರೆ. ಸುಲಿಗೆಕೋರ ಎಂದು ಕಂಪನಿಯ ಕಾಗದಗಳು ಕರೆಯುತ್ತವೆ. ಎರಡಕ್ಕೂ ಆಧಾರಗಳಿವೆ. ಒಂದು ಮಾತು ನಿಜ: ಅವನ ದಂಡು ತಿಂದದ್ದೂ ಇದೇ ರೈತರ ಜೋಳವನ್ನು, ಅವನನ್ನು ಅಟ್ಟಿಕೊಂಡು ಬಂದ ದಂಡು ತಿಂದದ್ದೂ ಇದೇ ರೈತರ ಜೋಳವನ್ನು.

ಪೇಶ್ವೆಯ ಸೀಮೆಗೆ ಕಾಲಿಡಲು ಪುಣೆಯ ಒಪ್ಪಿಗೆ ಬಂದ ಮೇಲೆ ವೆಲ್ಲೆಸ್ಲಿ ಹೊರಟ. ಅದೇ ದಿನಗಳಲ್ಲಿ ಜಾವಾದ ಬಟಾವಿಯಾದ ಮೇಲೆ ಹೋಗುವ ಸೈನ್ಯದ ಮುಂದಾಳ್ತನ ಅವನಿಗೆ ಬಂದಿತ್ತು. ಹೆಸರು, ಹಣ ಎರಡೂ ಸಿಗುವ ಕೆಲಸ. ಧೋಂಡಿಯಾನ ಕೆಲಸ ಮುಗಿಯದೆ ಹೋಗಲಾರೆನೆಂದು ಅವನು ಅದನ್ನು ಬಿಟ್ಟ. ಜೂನ್ ಕೊನೆಯಲ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದ. ರಾಣಿಬೆನ್ನೂರಿನ ಕೋಟೆಯಿಂದ ಗುಂಡು ಬಂತು. ಕೋಟೆಯನ್ನು ನುಗ್ಗಿ ಹಿಡಿದು, ಒಳಗಿದ್ದವರಲ್ಲಿ ಬಹುಪಾಲು ಜನರನ್ನು ಕೊಲ್ಲಲಾಯಿತು. ಸುತ್ತಲಿನ ಕೋಟೆಗಳಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜೂನ್ 30ರಂದು ಇನ್ನೊಂದು ಘಟನೆ ನಡೆಯಿತು. ಕಿತ್ತೂರಿನ ಹತ್ತಿರ ಧೋಂಡಿಯಾ ಗೋಖಲೆಯ ದಂಡಿನ ಮೇಲೆ ಬಿದ್ದು ಧೋಂಡೋಪಂತನನ್ನು ಕೊಂದ. ಅವನ ರಕ್ತದಲ್ಲಿ ಮೀಸೆ ಅದ್ದಿ ಹಳೆಯ ಹಗೆ ತೀರಿಸಿಕೊಂಡನೆಂದು ಹಿಂದಿನ ಇತಿಹಾಸಕಾರರು ಬರೆದಿದ್ದಾರೆ. ಸಾಂಗ್ಲಿಯ ಚಿಂತಾಮಣರಾವ್ ಪಟವರ್ಧನ ಆ ಕಾಳಗದಲ್ಲಿ ಗಾಯಗೊಂಡು ಹಿಂದೆ ಸರಿದ. ಮುಂದೆ ಶಿರಹಟ್ಟಿಯ ಒಡೆತನ ಇವನ ಮನೆತನದಲ್ಲೇ ಉಳಿದದ್ದರಿಂದ ಈ ಹೆಸರನ್ನು ಇಲ್ಲಿಯವರು ಮರೆಯುವಂತಿಲ್ಲ.

ಮುಂಗಾರಿನಲ್ಲಿ ಈ ಸೀಮೆಯ ಎರೆಭೂಮಿ ಹೇಗಿರುತ್ತದೆಂದು ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಹದವಾದ ಮಳೆ ಬಿದ್ದರೆ ಸಾಕು, ಕಾಲಿಗೆ ಮೆತ್ತಿದ ಮಣ್ಣು ಸೇರುಗಟ್ಟಲೆ ತೂಗುತ್ತದೆ. ಗಾಲಿ ಅಚ್ಚಿನವರೆಗೆ ಹೂತು ನಿಲ್ಲುತ್ತದೆ. ಅಂಥ ಜುಲೈ ತಿಂಗಳಲ್ಲಿ ತೋಪು, ಗುಂಡು, ಡೇರೆ, ಸಾವಿರಾರು ಬಾಯಿಗಳ ಊಟ ಹೊತ್ತು ದಂಡು ನಡೆಸುವುದೆಂದರೆ ಯುದ್ಧಕ್ಕಿಂತ ದೊಡ್ಡ ಕೆಲಸ. ವೆಲ್ಲೆಸ್ಲಿಯ ಪತ್ರಗಳಲ್ಲಿ ಶತ್ರುವಿನಷ್ಟೇ ಜಾಗವನ್ನು ಎತ್ತುಗಳು, ಅಕ್ಕಿ, ನದಿಯ ನೀರು ಹಿಡಿದಿವೆ. ತೋಪು ಎಳೆಯಲು ಮೈಸೂರಿನ ಅಮೃತಮಹಲ್ ಎತ್ತುಗಳು ಬಂದವು. ಹೈದರ್, ಟಿಪ್ಪು ಇಬ್ಬರೂ ಬೆಳೆಸಿದ ತಳಿ. ಅವುಗಳ ವೇಗವನ್ನು, ತಾಳಿಕೆಯನ್ನು ವೆಲ್ಲೆಸ್ಲಿ ಮನಸಾರೆ ಮೆಚ್ಚಿದ. ದಿವಾನ್ ಪೂರ್ಣಯ್ಯನವರು ಮೈಸೂರಿನ ಸವಾರರನ್ನು ಕೊಟ್ಟು, ಹಿಂದಿನಿಂದ ದವಸ ಸಾಗಿಸುವ ಏರ್ಪಾಟು ನಡೆಸಿದರು. ಶ್ರೀರಂಗಪಟ್ಟಣದಲ್ಲಿ ಕೂತ ಕ್ಲೋಸ್‌ನ ಮುಖ್ಯ ಕೆಲಸವೂ ಇದೇ ಆಗಿತ್ತು. ಹೊಳೆ ದಾಟಿಸಲು ಹರಿಗೋಲು ಬೇಕು. ಬಿದಿರಿನ ದುಂಡನೆಯ ಬುಟ್ಟಿ ಹೆಣೆದು, ಮೇಲೆ ತೊಗಲು ಹೊದಿಸಿ, ಅಂಬಿಗರು ತಲೆತಲಾಂತರದಿಂದ ತುಂಗಭದ್ರೆಯಲ್ಲಿ ನಡೆಸಿಕೊಂಡು ಬಂದ ಸಾಧನ. ಮುಂದೆ ಮರಾಠರ ಮೇಲಿನ ಯುದ್ಧಕ್ಕೆ ಹೊರಡುವಾಗ ಹರಿಗೋಲು ಎಷ್ಟು ಅಗಲ, ಎಷ್ಟು ಆಳ ಇರಬೇಕೆಂದು ಅಳತೆ ಕೊಟ್ಟು ಮಾಡಿಸುವಷ್ಟು ವೆಲ್ಲೆಸ್ಲಿ ಅದನ್ನು ಅರಿತುಕೊಂಡಿದ್ದ.

ಇನ್ನೊಂದು ದೊಡ್ಡ ಆಸರೆ ಲಂಬಾಣಿಗಳು. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಇವತ್ತು ಎಷ್ಟೊಂದು ತಾಂಡಾಗಳಿವೆ. ಕಪ್ಪತಗುಡ್ಡದ ಸೆರಗಿನಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಮನೆ ಕಟ್ಟಿಕೊಂಡು ಕೂತಿರುವ ಈ ಜನರ ಹಿರಿಯರು ಆ ಕಾಲದಲ್ಲಿ ದಖ್ಖನದ ಉದ್ದಗಲಕ್ಕೂ ಹೇರೆತ್ತಿನ ಮೇಲೆ ದವಸ, ಉಪ್ಪು ಸಾಗಿಸುತ್ತಿದ್ದವರು. ಎತ್ತಿನ ಬೆನ್ನಿನ ಎರಡೂ ಕಡೆ ತೂಗುವಂತೆ ಜೋಡಿ ಗೋಣಿಚೀಲ. ಮುಂದಿನ ಎತ್ತಿನ ಕೊರಳಲ್ಲಿ ಗಂಟೆ. ಹಿಂದೆ ನೂರಾರು ಎತ್ತಿನ ಸಾಲು. ಜೊತೆಗೆ ಹೆಂಗಸರು, ಮಕ್ಕಳು, ನಾಯಿಗಳು. ಸಂಜೆ ಇಳಿದಲ್ಲಿ ಚೀಲಗಳನ್ನೇ ಗೋಡೆಯಂತೆ ಒಟ್ಟಿ ಅದರೊಳಗೆ ಬಿಡಾರ. ಗಾಡಿ ಹೋಗದ ಎರೆಹೊಲದಲ್ಲೂ ಹೇರೆತ್ತು ಹೋಗುತ್ತದೆ. ಮೊಗಲರ ಕಾಲದಿಂದಲೂ ದಂಡುಗಳು ಇವರನ್ನು ನಂಬಿದ್ದವು. ದಂಡು ಯಾರದಾದರೂ ಕೊಳ್ಳುವವನಿಗೆ ಮಾರುವುದು ಇವರ ಕಸುಬಿನ ಧರ್ಮ. ಅದಕ್ಕಾಗಿಯೇ ಕಾದಾಡುವ ಎರಡೂ ಕಡೆಯವರು ಇವರನ್ನು ಮುಟ್ಟದೆ ಬಿಡುತ್ತಿದ್ದದ್ದುಂಟು. ವೆಲ್ಲೆಸ್ಲಿ ತಾಂಡಾದ ನಾಯಕರಿಗೆ ಮುಂಗಡ ಹಣ ಕೊಟ್ಟು, ತಂದ ದವಸಕ್ಕೆ ಗಿರಾಕಿ ತಪ್ಪದಂತೆ ನೋಡಿಕೊಂಡ. ಅವರ ಮೇಲೆ ದೂರನ್ನೂ ಬರೆದ. ಅವರಿಲ್ಲದೆ ಒಂದು ಹೆಜ್ಜೆಯೂ ಇಡಲಾರೆನೆಂಬುದು ಮಾತ್ರ ಅವನ ಪ್ರತಿ ಲೆಕ್ಕದಲ್ಲೂ ಕಾಣುತ್ತದೆ. ವೆಲಿಂಗ್ಟನ್ನನ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಎದ್ದ ಸ್ಮಾರಕಗಳು ಹಲವು. ಅವನ ಮೊದಲ ಗೆಲುವಿಗೆ ಅನ್ನ ಹೊತ್ತು ತಂದವರ ಮೊಮ್ಮಕ್ಕಳು ದುಡಿಮೆ ಹುಡುಕಿಕೊಂಡು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ.

ಜುಲೈ 12ರಂದು ದಂಡು ಸವಣೂರು ಮುಟ್ಟಿತು. ಧೋಂಡಿಯಾ ಹತ್ತಿರ ಬಂದು ನೋಡಿ, ಎದುರು ನಿಲ್ಲದೆ ಸರಿದ. 14ರಂದು ಕುಂದಗೋಳದ ಕೋಟೆ ಏಣಿಗಳಿಂದಲೇ ಬಿದ್ದಿತು. ಆಗ ಶಿರಹಟ್ಟಿಯನ್ನು ಧೋಂಡಿಯಾನ ಕಡೆಯವರು ಮುತ್ತಿ ಕೂತಿದ್ದರು. ವೆಲ್ಲೆಸ್ಲಿಯ ದಂಡು ಅತ್ತ ತಿರುಗಿದ ಕೂಡಲೇ ಮುತ್ತಿಗೆ ತೆರವಾಯಿತು. ಲಕ್ಷ್ಮೇಶ್ವರದಲ್ಲಿದ್ದವರು ಕಾದಾಡದೆ ಊರು ಬಿಟ್ಟರು. ಫಕೀರೇಶ್ವರ ಮಠದ ಊರಾದ ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಇಷ್ಟರ ಮಟ್ಟಿಗೆ ಅದೃಷ್ಟವಿತ್ತು. ಎರಡೂ ಊರುಗಳಲ್ಲಿ ರಾಣಿಬೆನ್ನೂರಿನ ಗತಿ ಮರುಕಳಿಸಲಿಲ್ಲ.

ಡಂಬಳದವರು ಬಾಗಿಲು ತೆರೆಯಲಿಲ್ಲ. ಗದಗಿನಿಂದ ಆಗ್ನೇಯಕ್ಕೆ, ಕಪ್ಪತಗುಡ್ಡದ ಕಡೆ ಮುಖ ಮಾಡಿ ಕೂತ ಹಳೆಯ ಊರು ಅದು. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿ, ನಕ್ಷತ್ರದ ಮೂಲೆಗಳಂತೆ ತಿರುತಿರುಗಿ ನಿಂತ ಅದರ ಗೋಡೆ, ಅಲ್ಲಿ ನಿಂತು ನೋಡಿದವರ ಕಣ್ಣಿನಿಂದ ಹೋಗುವುದಿಲ್ಲ. 1095ರ ಶಾಸನವೊಂದು ಅಲ್ಲಿ ತಾರಾದೇವಿಗೆ ಕಟ್ಟಿದ ಬೌದ್ಧ ವಿಹಾರವನ್ನು ಹೇಳುತ್ತದೆ. ಅಂಥ ಊರಿನ ಕೋಟೆಯನ್ನು ವೆಲ್ಲೆಸ್ಲಿ ಗಟ್ಟಿಯಾದದ್ದು, ಚೆನ್ನಾಗಿ ಕಟ್ಟಿದ್ದು ಎಂದು ಬರೆದ. ಸುತ್ತ ನೀರಿಲ್ಲದ ಕಂದಕ, ಕೆಲವು ಕಡೆ ಬಹಳ ಆಳ. ಗೋಡೆ ಒಡೆಯುವ ದೊಡ್ಡ ತೋಪುಗಳನ್ನು ತಂದು, ದಿನಗಟ್ಟಲೆ ಹೊಡೆದು, ಬಿರುಕು ಮಾಡಿ ನುಗ್ಗುವುದು ಆ ಕಾಲದ ಪುಸ್ತಕದ ದಾರಿ. ಅಷ್ಟು ಹೊತ್ತು ಅವನಿಗಿರಲಿಲ್ಲ. ಧೋಂಡಿಯಾ ಮುಂದೆ ಮುಂದೆ ಹೋಗುತ್ತಿದ್ದ.

ಹಾಗಾಗಿ ಏಣಿ. ಕಂದಕಕ್ಕೆ ಇಳಿದು, ಮೇಲಿನಿಂದ ಬೀಳುವ ಗುಂಡು ಕಲ್ಲುಗಳ ಕೆಳಗೆ ಏಣಿ ನೆಟ್ಟು, ಒಬ್ಬರ ಹಿಂದೊಬ್ಬರು ಹತ್ತಬೇಕು. ಮೊದಲು ತಲೆ ಎತ್ತಿದವನಿಗೆ ಬದುಕುವ ಭರವಸೆ ಇರುವುದಿಲ್ಲ. ಬ್ರಿಟಿಷರ 73 ಮತ್ತು 77ನೆಯ ರೆಜಿಮೆಂಟುಗಳು, ಜೊತೆಗೆ ಮದ್ರಾಸು ಮತ್ತು ಮುಂಬಯಿಯ ಸಿಪಾಯಿಗಳು ಹಂಚಿಹೋದರು. ಹೆಬ್ಬಾಗಿಲು ಒಡೆಯಲು ಹೋದ ತಂಡಕ್ಕೆ ಬಾಗಿಲು ಜಗ್ಗಲಿಲ್ಲ. ಅವರೂ ಏಣಿ ತರಿಸಿ ಗೋಡೆ ಹತ್ತಿದರು. ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಮೂರೂ ಕಡೆಯಿಂದ ಒಳಗಿಳಿದರು. ಕಂಪನಿಯ ಕಡೆ ಸತ್ತವರು ಕಡಿಮೆ ಎಂದು ಕಾಗದ ಹೇಳುತ್ತದೆ. ಒಳಗಿದ್ದ ಸಾವಿರ ಜನರ ಹೆಸರನ್ನು ಯಾವ ಕಾಗದವೂ ಹೇಳುವುದಿಲ್ಲ. ಅವರಲ್ಲಿ ಟಿಪ್ಪುವಿನ ಹಳೆಯ ಸಿಪಾಯಿಗಳಿದ್ದಿರಬಹುದು, ಸುತ್ತಲಿನ ಹಳ್ಳಿಗಳಿಂದ ಸಂಬಳಕ್ಕೆ ಸೇರಿದ ಬೇಡರು, ರೈತರ ಮಕ್ಕಳಿದ್ದಿರಬಹುದು. ಸೋಲು ಕಣ್ಣೆದುರಿಗಿದ್ದಾಗಲೂ ಬಾಗಿಲು ಹಾಕಿಕೊಂಡು ನಿಂತವರು. ವೆಲಿಂಗ್ಟನ್ನನ ಮೇಲೆ ಬಂದ ಪುಸ್ತಕಗಳು ಒಂದು ಕಪಾಟಿಗೆ ಹಿಡಿಸಲಾರವು. ಡಂಬಳದಲ್ಲಿ ಸತ್ತವರ ನೆನಪಿಗೆ ಒಂದು ಕಲ್ಲಾದರೂ ಇರಬೇಕಿತ್ತು.

ಮರುದಿನ, ಜುಲೈ 27ರಂದು, ದಂಡು ಗದಗಿಗೆ ಬಂತು. ಕೋಟೆ ಖಾಲಿಯಾಗಿತ್ತು. ಡಂಬಳದ ಸುದ್ದಿ ದಂಡಿಗಿಂತ ಮೊದಲು ಮುಟ್ಟಿತ್ತು. ವೀರನಾರಾಯಣನ, ತ್ರಿಕೂಟೇಶ್ವರನ ಗುಡಿಗಳ ಊರು, ಪಕ್ಕದ ನೇಕಾರರ ಬೆಟಗೇರಿ ಗುಂಡಿನ ಸದ್ದು ಕೇಳದೆ ಉಳಿದವು. ಇಲ್ಲಿಗೆ ಸವಣೂರು, ಧಾರವಾಡ ಸೀಮೆಯಲ್ಲಿ ಧೋಂಡಿಯಾನ ಕೈಯಲ್ಲಿದ್ದ ಕೋಟೆಗಳು ಮುಗಿದವು.

ಇದೇ ವಾರದ ಕೊನೆಗೆ, ಸಮುದ್ರಗಳಾಚೆ, ಇನ್ನೊಂದು ಕೋಟೆಯೂ ಖಾಲಿಯಾಗುತ್ತಿತ್ತು. ಐರ್ಲೆಂಡ್ ತನ್ನ ಸ್ವಂತ ಪಾರ್ಲಿಮೆಂಟನ್ನು ಮುಚ್ಚಿ ಬ್ರಿಟನ್ನಿನೊಡನೆ ಸೇರುವ ಕಾಯ್ದೆಗೆ ದೊರೆಯ ಅಂಕಿತ ಬಿದ್ದದ್ದು 1800ರ ಆಗಸ್ಟ್ 1ರಂದು, ಗದಗಿನ ಕೋಟೆ ಖಾಲಿಯಾದ ಐದನೆಯ ದಿನ. 1798ರಲ್ಲಿ ಐರಿಷರು ದಂಗೆ ಎದ್ದು ಸಾವಿರಾರು ಜನ ಸತ್ತಿದ್ದರು. ಆ ಭಯದಲ್ಲಿ ಲಂಡನ್ ಈ ದಾರಿ ಹಿಡಿಯಿತು. ಒಪ್ಪದ ಸದಸ್ಯರನ್ನು ಒಪ್ಪಿಸಲು ಪದವಿ, ಪಿಂಚಣಿ ಹಂಚಲಾಯಿತು. ಪ್ರತಿನಿಧಿ ಕಳಿಸುವ ಹಕ್ಕು ಕಳೆದುಕೊಂಡ ಪ್ರತಿ ಸಣ್ಣ ಊರಿನ ಒಡೆಯರಿಗೆ 15,000 ಪೌಂಡ್ ಪರಿಹಾರ. ಟ್ರಿಮ್ ಕೂಡ ಹಾಗೆ ಹಕ್ಕು ಕಳೆದುಕೊಂಡ ಊರುಗಳಲ್ಲಿ ಒಂದು. ವೆಲ್ಲೆಸ್ಲಿ ಇಲ್ಲಿ ಇನ್ನೊಬ್ಬರ ಸೀಮೆಯ ಕೋಟೆಗಳನ್ನು ತೆಗೆದುಕೊಳ್ಳುತ್ತಿದ್ದ ಹೊತ್ತಿಗೆ ಅವನ ಸ್ವಂತ ನಾಡಿನ ಶಾಸನಸಭೆ ಹಣಕ್ಕೆ ಮಾರಾಟವಾಗಿತ್ತು. ಒಂದೇ ಸಾಮ್ರಾಜ್ಯದ ಎರಡು ತುದಿಗಳಲ್ಲಿ ನಡೆದದ್ದು ಒಂದೇ ಕೆಲಸವೆಂದು ಈಗ ನೋಡಿದರೆ ಅನಿಸುತ್ತದೆ. ಸ್ವಂತ ಬಾಗಿಲುಗಳಿದ್ದ ಊರುಗಳು ದೂರದ ರಾಜಧಾನಿಯ ಲೆಕ್ಕಕ್ಕೆ ಸೇರುತ್ತಿದ್ದವು.

ಗದಗಿನಿಂದ ದಂಡು ಉತ್ತರಕ್ಕೆ ಹೊರಟಿತು. ಅಳಗವಾಡಿಯಲ್ಲಿ ಕಾಲಾಳುಗಳನ್ನು ಬಿಟ್ಟು, ಜುಲೈ 30ರಂದು ಕುದುರೆ ದಂಡಿನೊಡನೆ ಸುಮಾರು 26 ಮೈಲಿ ನಡೆದು ವೆಲ್ಲೆಸ್ಲಿ ಮುನವಳ್ಳಿಯ ಎದುರು ಮಲಪ್ರಭೆಯ ದಂಡೆಗೆ ಬಂದ. ತುಂಬಿ ಹರಿಯುವ ಹೊಳೆಯನ್ನು ಧೋಂಡಿಯಾನ ಸಾಮಾನು, ಸಂಸಾರಗಳು ದಾಟುತ್ತಿದ್ದವು. ಈಚೆ ದಂಡೆಯಲ್ಲಿ ಸಿಕ್ಕವರನ್ನು ದಂಡು ನೀರಿಗೆ ಅಟ್ಟಿತು. ಆನೆ, ಒಂಟೆ, ಎತ್ತು, ಕುದುರೆ, ಮನುಷ್ಯರು ಪ್ರವಾಹದಲ್ಲಿ ಹೋದರು. ಹೆಂಗಸರೂ ಮಕ್ಕಳೂ ಸೆರೆ ಸಿಕ್ಕರು. ಆಚೆ ದಂಡೆಯಲ್ಲಿದ್ದ ತೋಪುಗಳನ್ನು ತರಲು ಸವಾರರು ಈಜಿ ಹೋದರು. ಇದನ್ನೆಲ್ಲ ವೆಲ್ಲೆಸ್ಲಿ ಕಂಪನಿಯ ಇನ್ನೊಬ್ಬ ಅಧಿಕಾರಿ ಥಾಮಸ್ ಮನ್ರೋಗೆ ಉತ್ಸಾಹದಲ್ಲಿ ಬರೆದ. ಆ ಕಾಲಕ್ಕೆ ಅದು ತಕ್ಕದ್ದೇ ಇರಬಹುದು. ಇವತ್ತು ಓದುವಾಗ ಗಂಟಲು ಕಟ್ಟುತ್ತದೆ.

ಆದರೆ ಅವನಲ್ಲಿ ಇನ್ನೊಂದು ಬಗೆಯೂ ಇತ್ತು. ಧೋಂಡಿಯಾನನ್ನು ಗುಟ್ಟಾಗಿ ಕೊಲ್ಲಿಸಿ ಕೊಡುತ್ತೇವೆಂದು ಮಾತು ಬಂದಾಗ ಅವನು ಒಪ್ಪಲಿಲ್ಲ. ಬಹಿರಂಗವಾಗಿ ತಲೆಗೆ ಬೆಲೆ ಸಾರುವುದು ಬೇರೆ, ಗುಟ್ಟಿನ ಒಪ್ಪಂದದಲ್ಲಿ ಕೊಲ್ಲಿಸುವುದು ದಂಡಿನ ಮುಂದಾಳಿಗೆ ಸಲ್ಲದು ಎಂದ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಆ ಕಾಳಗದಲ್ಲಿ ಸತ್ತ. ಅವನ ಸಾಮಾನಿನ ನಡುವೆ ಸಲಾಬತ್ ಖಾನ್ ಎಂಬ ಹುಡುಗ ಸಿಕ್ಕ. ಧೋಂಡಿಯಾ ಸಾಕಿ ಬೆಳೆಸುತ್ತಿದ್ದ ಮಗ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆತಂದು ನೋಡಿಕೊಂಡ, ಭಾರತ ಬಿಡುವಾಗ ಅವನ ಪಾಲನೆಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಕ್ಲೋಸ್ 1801ರಲ್ಲಿ ಪುಣೆಯ ರೆಸಿಡೆಂಟ್ ಆದ. 1802ರ ಡಿಸೆಂಬರ್ 31ರಂದು ಎರಡನೆಯ ಬಾಜೀರಾಯನಿಂದ ಬಸೈನ್ ಒಪ್ಪಂದಕ್ಕೆ ರುಜು ಹಾಕಿಸಿದವನು ಇವನೇ. ಪೇಶ್ವೆಯ ಸ್ವಾತಂತ್ರ್ಯ ಆ ರುಜುವಿನೊಂದಿಗೆ ಹೋಯಿತು. ಕಂಪನಿಯ ಸೈನ್ಯದ ಖರ್ಚಿಗೆಂದು ಪೇಶ್ವೆ ಬರೆದುಕೊಟ್ಟ ಸೀಮೆಗಳಲ್ಲಿ ನಮ್ಮ ನೆರೆಯ ಸವಣೂರು, ಬಂಕಾಪುರಗಳೂ ಇದ್ದವು. ವರ್ಷ ತುಂಬುವುದರೊಳಗೆ ಅವನ್ನು ಹಿಂದಕ್ಕೆ ಕೊಟ್ಟು, ಬದಲಿಗೆ ಬುಂದೇಲಖಂಡದ ಭೂಮಿ ಪಡೆಯಲಾಯಿತು. ವರದೆಯ ದಂಡೆಯ ಊರುಗಳನ್ನು ಯಮುನೆಯ ಕಡೆಯ ಊರುಗಳಿಗೆ ವಿನಿಮಯ ಮಾಡುವಾಗ ಎರಡೂ ಕಡೆಯ ಒಬ್ಬ ರೈತನನ್ನೂ ಕೇಳಿರಲಿಲ್ಲ. ಕ್ಲೋಸ್ ಊರಿಗೆ ಮರಳಿ, 1812ರ ಕೊನೆಯಲ್ಲಿ ಬ್ಯಾರನೆಟ್ ಆದ. ಮರುವರ್ಷವೇ ತೀರಿಕೊಂಡ. ಮಕ್ಕಳಿರಲಿಲ್ಲ, ಪದವಿ ಅವನೊಂದಿಗೇ ಮುಗಿಯಿತು.

ಆರ್ಥರ್ 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ. ಡಬ್ಲಿನ್‌ನಲ್ಲಿ ಯುವಕನಾಗಿದ್ದಾಗ ಕಣ್ಣೆದುರು ಅರ್ಧಕ್ಕೇ ನಿಂತಿದ್ದ ಕೆಲಸ ಅವನ ಮೇಜಿಗೆ ಮರಳಿ ಬಂತು. 1829ರಲ್ಲಿ, ಸ್ವಂತ ಪಕ್ಷದವರೇ ಎದುರು ನಿಂತರೂ, ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಕೊಡುವ ಕಾಯ್ದೆಯನ್ನು ಅವನು ಮಾಡಿಸಿದ. ರಾಜಕಾರಣಿಯಾಗಿ ಅವನು ಮಾಡಿದ ಅತಿ ದೊಡ್ಡ ಕೆಲಸ ಅದೇ ಎನ್ನಬೇಕು.

ಡಂಬಳಕ್ಕೆ ಮತ್ತೊಮ್ಮೆ ಕಂಪನಿಯ ದಂಡು ಬಂದದ್ದು 1818ರ ಜನವರಿಯಲ್ಲಿ. ವೆಲ್ಲೆಸ್ಲಿಯ ಕಾಗದಗಳನ್ನು ಓದುತ್ತಿದ್ದ ಅದೇ ಮನ್ರೋ, ಪೇಶ್ವೆಯ ಮೇಲಿನ ಕೊನೆಯ ಯುದ್ಧದಲ್ಲಿ, ಗದಗನ್ನೂ ಡಂಬಳವನ್ನೂ ತೆಗೆದುಕೊಂಡ. ಈ ಸಲ ದಂಡು ಹಿಂದಿರುಗಿ ಹೋಗಲಿಲ್ಲ. ಗದಗ, ಡಂಬಳ, ಮುಂಡರಗಿಗಳು ಕಂಪನಿ ಸರ್ಕಾರದ ಧಾರವಾಡ ಜಿಲ್ಲೆಗೆ ಸೇರಿದವು. ಪಟವರ್ಧನರೊಡನೆ ಮಾಡಿಕೊಂಡ ಒಪ್ಪಂದಗಳಿಂದ ಲಕ್ಷ್ಮೇಶ್ವರ ಮಿರಜಕ್ಕೆ, ಶಿರಹಟ್ಟಿ ಸಾಂಗ್ಲಿಗೆ ಉಳಿದವು. 1800ರಲ್ಲಿ ವೆಲ್ಲೆಸ್ಲಿಯ ಜೊತೆಗೂಡಿದ್ದ ಚಿಂತಾಮಣರಾವ್‌ನ ನಿಷ್ಠೆಯನ್ನು ಕಂಪನಿ ಮರೆಯಲಿಲ್ಲ. 1846ರಲ್ಲಿ ಅವನಿಗೆ ಗೌರವದ ಖಡ್ಗ ಬಂತು. ಅವನು ತೀರಿಕೊಂಡದ್ದು 1851ರಲ್ಲಿ, ವೆಲಿಂಗ್ಟನ್ 1852ರಲ್ಲಿ. ಶಿರಹಟ್ಟಿಯ ಜನ ಮಾತ್ರ ಕನ್ನಡ ಆಡುತ್ತ, ನೂರು ಮೈಲಿಗೂ ಹೆಚ್ಚು ದೂರದ ಮರಾಠಿ ಊರಿಗೆ ಕಂದಾಯ ಕಟ್ಟುತ್ತ ಹೋದರು. ಅದು ನಿಂತದ್ದು 1948ರಲ್ಲಿ, ಸಾಂಗ್ಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಎರಡೂ ಊರುಗಳು ಧಾರವಾಡ ಜಿಲ್ಲೆಯ ಪಾಲಿಗೆ ಬಂದಾಗ.